ಲೇಸರ್ ಡಯೋಡು ಸುಡದಂತೆ ನೋಡಿಕೊಳ್ಳುವುದು ಹೇಗೆ: ಬೆಳಕಿನ ಮಿತಿಯಿಂದ ಬಾಳಿಕೆಯ ಲೆಕ್ಕದವರೆಗೆ

ಹಾಳಾದ ಲೇಸರ್ ಡಯೋಡು ಬಹಳ ಸಲ ಹಾಳಾದಂತೆ ಕಾಣುವುದೇ ಇಲ್ಲ. ವಿದ್ಯುತ್ ಕೊಟ್ಟರೆ ಅದು ಹೊತ್ತಿಕೊಳ್ಳುತ್ತದೆ, ಎರಡು ಕಾಲುಗಳ ನಡುವಿನ ವೋಲ್ಟೇಜು ನಿನ್ನೆ ಇದ್ದಷ್ಟೇ ಇರುತ್ತದೆ, ಗೋಡೆಯ ಮೇಲೆ ಮಂಕಾದ ಕೆಂಪು ಬೆಳಕೂ ಬೀಳುತ್ತದೆ; ಆದರೆ ಆ ಬೆಳಕಿನಲ್ಲಿ ಲೇಸರಿಗೆ ಸಹಜವಾದ ಕಾಳುಕಾಳಾದ ಮಿನುಗು ಇರುವುದಿಲ್ಲ, ಲೆನ್ಸನ್ನು ಎಷ್ಟು ತಿರುಗಿಸಿದರೂ ಅದು ಒಂದು ಚುಕ್ಕೆಗೆ ಕೂಡಿಕೊಳ್ಳುವುದಿಲ್ಲ. ನಮ್ಮ ಪ್ರಯೋಗಾಲಯಗಳಲ್ಲಿ ಇದನ್ನು ‘ಎಲ್‌ಇಡಿ ಆಗಿಬಿಟ್ಟಿದೆ’ ಎನ್ನುತ್ತಾರೆ. ಮಾತು ಸರಿಯಾಗಿಯೇ ಇದೆ. ಲೇಸರಿನ ಎರಡು ಕನ್ನಡಿಗಳಲ್ಲಿ ಒಂದು ಕರಗಿಹೋಗಿದೆ. ಉಳಿದಿರುವುದು ಬರಿಯ ಬೆಳಕು ಸೂಸುವ ಡಯೋಡು.

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಿಂದ ಬಿಡಿ ಡಯೋಡು ಕೊಂಡು ಪ್ರಾಜೆಕ್ಟ್ ಮಾಡುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ಯಂತ್ರಗಳಿಗೆ ಲೇಸರ್ ಗೆರೆ ಅಳವಡಿಸುವವರು, ಮರದ ಮೇಲೆ ಹೆಸರು ಕೆತ್ತಲು ನೀಲಿ ಲೇಸರ್ ಇಟ್ಟುಕೊಂಡ ಅಂಗಡಿಯವರು, ಸಂಶೋಧನೆಗೆ ಹೊಸದಾಗಿ ಸೇರಿದವರು, ಇವರೆಲ್ಲರಿಗಾಗಿ ಈ ಬರಹ. ಅನೇಕ ವರ್ಷ ಇಂಥ ಡಯೋಡುಗಳ ಜೊತೆ ಕೆಲಸ ಮಾಡಿದ ಮೇಲೆ ನನಗೆ ಮನದಟ್ಟಾದ ಸಂಗತಿ ಇದು: ನಮ್ಮ ಮೇಜುಗಳ ಮೇಲೆ ಲೇಸರ್ ಡಯೋಡುಗಳು ಮುಪ್ಪಿನಿಂದ ಸಾಯುವುದು ಅಪರೂಪ, ಹೆಚ್ಚಿನವು ಒಂದು ಮೈಕ್ರೋಸೆಕೆಂಡಿನ ತಪ್ಪಿನಿಂದ ಸಾಯುತ್ತವೆ, ಮತ್ತು ಆ ತಪ್ಪು ಎಲ್ಲಿ ಆಗುತ್ತದೆ ಎಂಬುದನ್ನು ಮೊದಲೇ ಊಹಿಸಬಹುದು.

ಮೊದಲಿಗೆ ಕಣ್ಣಿನ ಮಾತು. 5 ಮಿಲಿವ್ಯಾಟಿಗಿಂತ ಹೆಚ್ಚು ಶಕ್ತಿಯ ಕಿರಣ ನೇರವಾಗಿ ಕಣ್ಣಿಗೆ ಬಿದ್ದರೆ ರೆಟಿನಾ ಸುಡಬಹುದು. 500 ಮಿಲಿವ್ಯಾಟ್ ದಾಟಿದ ಲೇಸರುಗಳು 4ನೇ ವರ್ಗಕ್ಕೆ ಸೇರುತ್ತವೆ, ಅವುಗಳ ಚದುರಿದ ಬೆಳಕೂ ಅಪಾಯಕಾರಿ. 808 ನ್ಯಾನೊಮೀಟರಿನ ಕಿರಣ ಬಹಳ ಮಂದವಾದ ಕೆಂಪಿನಂತೆ ಕಾಣುತ್ತದೆ, ಏಕೆಂದರೆ ನಮ್ಮ ಕಣ್ಣಿಗೆ ಆ ಬಣ್ಣ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಮಂದವಾಗಿದೆ ಎಂದು ಬಗ್ಗಿ ನೋಡಿದವರು ಪೂರ್ಣ ಶಕ್ತಿಯ ಕಿರಣವನ್ನೇ ಕಣ್ಣಿಗೆ ತೆಗೆದುಕೊಂಡಿರುತ್ತಾರೆ. ನಿಮ್ಮ ಲೇಸರಿನ ತರಂಗಾಂತರಕ್ಕೆ ಹೊಂದುವ ಕನ್ನಡಕ ಕೈಯಲ್ಲಿ ಇಲ್ಲದಿದ್ದರೆ ಮುಂದಿನ ಯಾವ ಹಂತವನ್ನೂ ಆರಂಭಿಸಬೇಡಿ.

1. ಯಾವ ಮಿತಿ ಮೊದಲು ಬರುತ್ತದೆ ಎಂದು ತಿಳಿಯಿರಿ

ಲೇಸರ್ ಡಯೋಡಿನ ಕನ್ನಡಿ ಎಂದರೆ ಬೇರೆ ಕಡೆಯಿಂದ ತಂದು ಅಂಟಿಸಿದ ಗಾಜಲ್ಲ. ಹರಳನ್ನು ಅದರ ಸಹಜ ಸಮತಲದ ಗುಂಟ ಸೀಳಿದಾಗ ಸಿಗುವ ನುಣುಪಾದ ಮುಖವೇ ಕನ್ನಡಿ. ಅದರ ಮೇಲೆ ತೆಳುವಾದ ಲೇಪ ಇರುತ್ತದೆ, ಅಷ್ಟೆ. ಸಣ್ಣ ಡಯೋಡಿನಲ್ಲಿ ಬೆಳಕು ಹೊರಬರುವ ಜಾಗ ಸುಮಾರು 3 ಮೈಕ್ರಾನ್ ಅಗಲ, 1 ಮೈಕ್ರಾನ್ ಎತ್ತರ. ಅಂದರೆ ಒಂದು ಚದರ ಸೆಂಟಿಮೀಟರಿನ ಸುಮಾರು 3.3 ಕೋಟಿಯಲ್ಲಿ ಒಂದು ಪಾಲು. ಅದರ ಮೂಲಕ 100 ಮಿಲಿವ್ಯಾಟ್ ಹೊರಬಂದರೆ, ಮುಖದ ಮೇಲಿನ ತೀವ್ರತೆ ಚದರ ಸೆಂಟಿಮೀಟರಿಗೆ 3.3 ಮೆಗಾವ್ಯಾಟ್ ಆಗುತ್ತದೆ. ಮುಖ ಸುಡುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಈ ಸಂಖ್ಯೆ. ಪವರ್ ಮೀಟರ್ ತೋರಿಸುವ ಮಿಲಿವ್ಯಾಟ್ ಒಂದರಿಂದಲೇ ಅದು ತಿಳಿಯುವುದಿಲ್ಲ.

ಸೀಳಿದ ಮುಖದಲ್ಲಿ ಪರಮಾಣುಗಳ ಬಂಧಗಳು ಅರ್ಧಕ್ಕೆ ತುಂಡಾಗಿರುತ್ತವೆ, ಅಲ್ಲಿಗೆ ಗಾಳಿಯ ಆಮ್ಲಜನಕ ಸೇರಿಕೊಳ್ಳುತ್ತದೆ, ಮತ್ತು ಅಲ್ಲಿಗೆ ಬಂದ ಎಲೆಕ್ಟ್ರಾನುಗಳೂ ರಂಧ್ರಗಳೂ (ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗಗಳು) ಬೆಳಕನ್ನು ಕೊಡದೆ ಶಾಖವನ್ನು ಬಿಟ್ಟು ಕೂಡಿಹೋಗುತ್ತವೆ. ಮುಖ ಬಿಸಿಯಾದಂತೆ ಅಲ್ಲಿನ ಶಕ್ತಿ ಅಂತರ, ಅಂದರೆ ಹರಳು ಬೆಳಕನ್ನು ಹೀರಲು ಬೆಳಕಿನ ಕಣಕ್ಕೆ ಇರಬೇಕಾದ ಕನಿಷ್ಠ ಶಕ್ತಿ, ಕುಗ್ಗುತ್ತದೆ. ಗ್ಯಾಲಿಯಂ ಆರ್ಸೆನೈಡಿನಲ್ಲಿ ಪ್ರತಿ ಡಿಗ್ರಿಗೆ ಸುಮಾರು 0.45 ಮಿಲಿ ಎಲೆಕ್ಟ್ರಾನ್‌ವೋಲ್ಟ್. ಅಂತರ ಕುಗ್ಗಿದ ಮುಖ ಲೇಸರಿನ ಸ್ವಂತ ಬೆಳಕನ್ನೇ ಹೀರಲು ತೊಡಗುತ್ತದೆ, ಹೀರಿದ್ದರಿಂದ ಇನ್ನಷ್ಟು ಬಿಸಿಯಾಗುತ್ತದೆ, ಬಿಸಿಯಾದದ್ದರಿಂದ ಇನ್ನಷ್ಟು ಹೀರುತ್ತದೆ. ಈ ಸುತ್ತು ಒಂದು ಹಂತ ದಾಟಿತೆಂದರೆ ಮೈಕ್ರೋಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ ಮುಖ ಕರಗುತ್ತದೆ. ಕರಗಿದ ಗಾಯ ಬೆಳಕನ್ನು ಉಣ್ಣುತ್ತಾ ಹರಳಿನ ಒಳಕ್ಕೆ, ಬೆಳಕು ಹುಟ್ಟುವ ಪಟ್ಟಿಯ ಗುಂಟ, ಓಡುತ್ತದೆ.

ಅಲ್ಯುಮಿನಿಯಂ ಗ್ಯಾಲಿಯಂ ಆರ್ಸೆನೈಡಿನ ರಕ್ಷಣೆಯಿಲ್ಲದ ಮುಖಗಳು ಚದರ ಸೆಂಟಿಮೀಟರಿಗೆ ಕೆಲವೇ ಮೆಗಾವ್ಯಾಟಿಗೆ ಸೋಲುತ್ತವೆ, ಏಕೆಂದರೆ ಅಲ್ಯುಮಿನಿಯಂ ಬಹಳ ಬೇಗ ಆಕ್ಸೈಡ್ ಆಗುತ್ತದೆ. ಹರಳನ್ನು ನಿರ್ವಾತದಲ್ಲಿ ಸೀಳಿ ಗಾಳಿ ತಗಲುವ ಮೊದಲೇ ರಕ್ಷಕ ಪದರ ಹಾಕುವ ವಿಧಾನವನ್ನು ಐಬಿಎಮ್ ಸಂಸ್ಥೆಯ ಜೂರಿಕ್ ಪ್ರಯೋಗಾಲಯ ರೂಪಿಸಿತು. ಮುಖದ ಹತ್ತಿರದ ಹರಳಿನ ಶಕ್ತಿ ಅಂತರವನ್ನು ಬೇಕೆಂದೇ ಹಿಗ್ಗಿಸಿ, ಮುಖ ಬೆಳಕನ್ನು ಹೀರದಂತೆ ಮಾಡುವುದು ಇನ್ನೊಂದು ವಿಧಾನ. ಇವುಗಳಿಂದ ಮಿತಿ ಹಲವು ಪಟ್ಟು ಮೇಲೇರಿದೆ. ದೂರಸಂಪರ್ಕದ 1310 ಮತ್ತು 1550 ನ್ಯಾನೊಮೀಟರ್ ಡಯೋಡುಗಳ ಕಥೆ ಬೇರೆ: ಇಂಡಿಯಂ ಫಾಸ್ಫೈಡಿನ ಮೇಲ್ಮೈಯಲ್ಲಿ ಬೆಳಕಿಲ್ಲದ ಕೂಡುವಿಕೆ ಎಷ್ಟೋ ನಿಧಾನ, ಆದ್ದರಿಂದ ಮುಖ ಸುಡುವ ಮೊದಲೇ ಇಡೀ ಹರಳು ಬಿಸಿಯಾಗಿ ಬೆಳಕು ತಾನಾಗಿ ಇಳಿಯತೊಡಗುತ್ತದೆ.

ಈ ವ್ಯತ್ಯಾಸವನ್ನು ಗಟ್ಟಿಯಾಗಿ ನೆನಪಿಡಿ. ಶಾಖದ ಮಿತಿ ಎಚ್ಚರಿಕೆ ಕೊಟ್ಟು ಬರುತ್ತದೆ: ಪ್ರವಾಹ ಹೆಚ್ಚಿಸಿದಷ್ಟೂ, ಯಾವ ಪ್ರವಾಹಕ್ಕೆ ಎಷ್ಟು ಬೆಳಕು ಎಂದು ತೋರಿಸುವ ನಕ್ಷೆಯ ಗೆರೆ ಬಾಗುತ್ತದೆ, ನಿಲ್ಲುತ್ತದೆ, ಇಳಿಯುತ್ತದೆ, ಮತ್ತು ಅಲ್ಲಿಂದ ತಕ್ಷಣ ಹಿಂದೆ ಸರಿದರೆ ಡಯೋಡು ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ಬೆಳಕಿನ ಮಿತಿ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಗೆರೆ ನೇರವಾಗಿ ಏರುತ್ತಲೇ ಇರುತ್ತದೆ, ಮುಂದಿನ ಒಂದು ಮಿಲಿಆಂಪಿಯರಿಗೆ ಬಿದ್ದುಹೋಗುತ್ತದೆ. ಕೆಂಪು ಡಯೋಡುಗಳನ್ನೂ 780 ಮತ್ತು 808 ನ್ಯಾನೊಮೀಟರಿನವನ್ನೂ ‘ಇನ್ನೂ ಸ್ವಲ್ಪ ಏರಿಸಿ ನೋಡೋಣ’ ಎನ್ನುವವರು ಕಳೆದುಕೊಳ್ಳುವುದು ಹೀಗೆ. ಹಳೆಯ ಡಿವಿಡಿ ರೈಟರಿನಿಂದ ಬಿಚ್ಚಿದ, ಡೇಟಾಶೀಟ್ (ತಯಾರಕರು ಕೊಡುವ ಗುಣವಿವರ ಪತ್ರ) ಇಲ್ಲದ ಡಯೋಡುಗಳ ಮಿತಿಯನ್ನು ಏರಿಸಿ ಏರಿಸಿ ಕಂಡುಹಿಡಿಯುವ ಪದ್ಧತಿಯನ್ನು ನಾನು ಒಪ್ಪದಿರುವುದೂ ಇದೇ ಕಾರಣಕ್ಕೆ. ಮಿತಿ ಗೊತ್ತಾಗುವ ಹೊತ್ತಿಗೆ ಡಯೋಡು ಇರುವುದಿಲ್ಲ.

ಎಡೆಬಿಡದೆ ಬೆಳಗುವ ಬದಲು ಚಿಕ್ಕ ಚಿಕ್ಕ ಮಿಂಚುಗಳಾಗಿ ಬೆಳಗುವ ಸ್ಪಂದನ ಲೇಸರುಗಳಲ್ಲಿ ಕಾಲವೂ ಲೆಕ್ಕಕ್ಕೆ ಬರುತ್ತದೆ. ಮುಖ ಬಿಸಿಯಾಗಲು ಸಮಯ ಬೇಕಾದ್ದರಿಂದ, ಸ್ಥೂಲವಾಗಿ ಹೇಳುವುದಾದರೆ, ಸ್ಪಂದನದ ಅವಧಿ ನಾಲ್ಕನೇ ಒಂದು ಭಾಗಕ್ಕೆ ಇಳಿದರೆ ತಾಳಿಕೊಳ್ಳುವ ಶಕ್ತಿ ಎರಡರಷ್ಟಾಗುತ್ತದೆ. ದೂರ ಅಳೆಯುವ 905 ನ್ಯಾನೊಮೀಟರ್ ಡಯೋಡುಗಳು 100 ನ್ಯಾನೊಸೆಕೆಂಡಿನ ಸ್ಪಂದನದಲ್ಲಿ ಹತ್ತಾರು ವ್ಯಾಟ್ ಕೊಡುವುದು ಇದರಿಂದಲೇ. ಅವುಗಳ ಸರಾಸರಿ ಶಕ್ತಿ ಅತ್ಯಲ್ಪ ಎಂದು ಸ್ಪಂದನವನ್ನು ಉದ್ದ ಮಾಡಿದರೆ ಮುಖ ಹೋಗುತ್ತದೆ.

2. ಡೇಟಾಶೀಟಿನ ಎರಡು ಪಟ್ಟಿಗಳನ್ನು ಬೇರೆ ಬೇರೆಯಾಗಿ ಓದಿ

ಪ್ರತಿ ಡೇಟಾಶೀಟಿನಲ್ಲೂ ‘ಗರಿಷ್ಠ ಮಿತಿ’ ಎಂಬ ಪಟ್ಟಿ ಮತ್ತು ‘ಕಾರ್ಯಗುಣ’ ಎಂಬ ಪಟ್ಟಿ ಇರುತ್ತವೆ. ಮೊದಲನೆಯದು ಕ್ಷಣಮಾತ್ರವೂ ದಾಟಬಾರದ ಗಡಿ. ಅದು ನೀವು ತಲುಪಬೇಕಾದ ಗುರಿ ಅಲ್ಲ. ಅದರಲ್ಲಿ ಪ್ರವಾಹಕ್ಕಿಂತ ಬೆಳಕಿನ ಶಕ್ತಿಯನ್ನು ಮೊದಲು ನೋಡಿ. ಅನೇಕ ಕೆಂಪು ಡಯೋಡುಗಳಿಗೆ ಪ್ರವಾಹದ ಮಿತಿಯನ್ನೇ ಕೊಟ್ಟಿರುವುದಿಲ್ಲ, ಬೆಳಕಿನ ಮಿತಿಯನ್ನು ಮಾತ್ರ ಕೊಟ್ಟಿರುತ್ತಾರೆ. ಆಮೇಲೆ ಹಿಮ್ಮುಖ ವೋಲ್ಟೇಜನ್ನು ನೋಡಿ. ಅದು ಹಲವು ಡಯೋಡುಗಳಲ್ಲಿ ಬರೀ 2 ವೋಲ್ಟ್. ಮಲ್ಟಿಮೀಟರಿನ ಡಯೋಡ್ ಪರೀಕ್ಷೆಯ ಕಡ್ಡಿಗಳನ್ನು ತಿರುವುಮುರುವಾಗಿ ಹಿಡಿದರೂ ಕೆಲವು ಮೀಟರುಗಳಲ್ಲಿ ಅಷ್ಟು ಬಂದುಬಿಡುತ್ತದೆ. ದಿನನಿತ್ಯದ ಬಳಕೆಗೆ ನಾನು ಕಾರ್ಯಗುಣದ ಪಟ್ಟಿಯಲ್ಲಿ ಕೊಟ್ಟ ಶಕ್ತಿಯ 70ರಿಂದ 80 ಶೇಕಡಾದೊಳಗೆ ಇರುತ್ತೇನೆ.

3. ಚೀಲದಿಂದ ತೆಗೆಯುವ ಮೊದಲು ಸ್ಥಾಯೀವಿದ್ಯುತ್ತನ್ನು ನೆಲಕ್ಕಿಳಿಸಿ

ಬೆಂಗಳೂರಿನ ಮಳೆಗಾಲದಲ್ಲಿ ಯಾರಿಗೂ ಸ್ಥಾಯೀವಿದ್ಯುತ್ತಿನ ನೆನಪಿರುವುದಿಲ್ಲ. ಸಂಕ್ರಾಂತಿ ಕಳೆದು ಶಿವರಾತ್ರಿ ಬರುವ ಹೊತ್ತಿಗೆ ಮಧ್ಯಾಹ್ನದ ಗಾಳಿ ಒಣಗಿ, ಸ್ವೆಟರ್ ತೆಗೆದರೆ ಚಟಚಟ ಎನ್ನುತ್ತದೆ. ಹಿಂದೊಮ್ಮೆ ನಾನಿದ್ದ ಪ್ರಯೋಗಾಲಯವೊಂದರಲ್ಲಿ ಅಂಥದ್ದೇ ಫೆಬ್ರುವರಿಯ ಎರಡು ದಿನಗಳಲ್ಲಿ 780 ನ್ಯಾನೊಮೀಟರಿನ ಮೂರು ಡಯೋಡುಗಳು ಹೋದವು. ಡಯೋಡಿಗೆ ಪ್ರವಾಹ ಕೊಡುವ ಸರ್ಕ್ಯೂಟಾದ ಡ್ರೈವರನ್ನು ಬಿಚ್ಚಿ ಕಟ್ಟಿ ಪರೀಕ್ಷಿಸಿದ ಮೇಲೆ ಕಂಡದ್ದು, ಮೇಜಿನ ರಬ್ಬರ್ ಹಾಸಿನ ಅರ್ಥ್ ತಂತಿ ಹಿಂಬದಿಯಲ್ಲಿ ಕಳಚಿಕೊಂಡಿತ್ತು ಎಂಬುದು. ಆ ಮೂರನ್ನೂ ಹಾಸಿನ ಮೇಲೆಯೇ ಇಟ್ಟು ಕೈಯಿಂದ ಎತ್ತಿದ್ದೆವು.

ಮನುಷ್ಯನ ಮೈಯನ್ನು 100 ಪಿಕೊಫ್ಯಾರಡ್ ಕೆಪಾಸಿಟರ್ ಮತ್ತು 1500 ಓಮ್ ರೋಧ ಎಂದು ಪರಿಗಣಿಸುವುದು ಪರೀಕ್ಷೆಗಳ ವಾಡಿಕೆ. ಮೈಮೇಲೆ 500 ವೋಲ್ಟ್ ಇದ್ದರೆ ಮುಟ್ಟಿದ ಕ್ಷಣ 330 ಮಿಲಿಆಂಪಿಯರ್ ಹರಿಯುತ್ತದೆ, ಸುಮಾರು 150 ನ್ಯಾನೊಸೆಕೆಂಡಿನಲ್ಲಿ ಅದು ಮೂರನೇ ಒಂದು ಭಾಗದ ಹತ್ತಿರಕ್ಕೆ ಇಳಿಯುತ್ತದೆ. 80 ಮಿಲಿಆಂಪಿಯರಿಗೆ ಮಾಡಿದ ಡಯೋಡಿಗೆ ಅದು ನಾಲ್ಕು ಪಟ್ಟು. ನಮ್ಮ ಬೆರಳಿಗೆ ಚುರುಕ್ ಎನ್ನಿಸಲು ಸುಮಾರು 3000 ವೋಲ್ಟ್ ಬೇಕಾಗುವುದರಿಂದ, ಡಯೋಡನ್ನು ಕೊಂದ ಕಿಡಿ ಕೊಂದವರ ಅರಿವಿಗೆ ಬರುವುದಿಲ್ಲ.

ಆದ್ದರಿಂದ ಮಣಿಕಟ್ಟಿನ ಪಟ್ಟಿ, ಹಾಸು ಮತ್ತು ಬೆಸುಗೆ ಕಡ್ಡಿಯ ತುದಿ, ಈ ಮೂರೂ ಒಂದೇ ಅರ್ಥ್ ಬಿಂದುವಿಗೆ ಸೇರಿರಬೇಕು, ಮತ್ತು ಸೇರಿದೆಯೇ ಎಂದು ಪ್ರತಿ ಬೆಳಿಗ್ಗೆ ಮೀಟರಿನಿಂದ ಅಳೆಯಬೇಕು. ಹಳೆಯ ಕಟ್ಟಡಗಳಲ್ಲಿ ಸಾಕೆಟ್ಟಿನ ಮೂರನೆಯ ತೂತಿಗೆ ತಂತಿಯೇ ಇಲ್ಲದಿರುವುದನ್ನು ನಾನು ಕಂಡಿದ್ದೇನೆ. ಡಯೋಡಿನ ಕಾಲುಗಳನ್ನು ಸರ್ಕ್ಯೂಟಿಗೆ ಬೆಸೆಯುವವರೆಗೂ ತೆಳು ತಂತಿಯಿಂದ ಒಂದಕ್ಕೊಂದು ಸುತ್ತಿಡಿ, ಬೆಸೆದಾದ ಮೇಲೆ ಸುತ್ತನ್ನು ಕತ್ತರಿಸಿ.

ಪೆಟ್ಟು ಬಿದ್ದೂ ಬದುಕಿದ ಡಯೋಡುಗಳೇ ಹೆಚ್ಚು ತೊಂದರೆ ಕೊಡುತ್ತವೆ. ಒಳಗೆ ಸಣ್ಣ ಗಾಯವಾಗಿ, ಅಂದು ಚೆನ್ನಾಗಿ ಕೆಲಸ ಮಾಡಿ, ವಾರಗಳ ನಂತರ ಸಾಯುತ್ತವೆ. ಇದನ್ನು ಹಿಡಿಯಲು ಒಂದು ಸರಳ ಉಪಾಯವಿದೆ: ಹೊಸ ಡಯೋಡಿಗೆ ಹೊತ್ತಿಕೊಳ್ಳುವ ವೋಲ್ಟೇಜಿಗಿಂತ ಎಷ್ಟೋ ಕಡಿಮೆ, ಕೆಂಪಿನದಾದರೆ ಸುಮಾರು 1 ವೋಲ್ಟ್, ಮುಮ್ಮುಖವಾಗಿ ಕೊಟ್ಟು ಹರಿಯುವ ಪ್ರವಾಹವನ್ನು ಬರೆದಿಡಿ. ಆಮೇಲೆ ಯಾವಾಗಲಾದರೂ ಅದೇ ವೋಲ್ಟೇಜು ಮತ್ತು ಅದೇ ತಾಪದಲ್ಲಿ ಆ ಸಂಖ್ಯೆ ಹತ್ತಾರು ಪಟ್ಟು ಏರಿದ್ದರೆ ಸಂಧಿಯಲ್ಲಿ, ಅಂದರೆ ಹರಳಿನೊಳಗೆ ಬೆಳಕು ಹುಟ್ಟುವ ಪದರದಲ್ಲಿ, ಸೋರಿಕೆ ಹುಟ್ಟಿದೆ. ಆ ಡಯೋಡನ್ನು ಗಿರಾಕಿಗೆ ಕಳುಹಿಸುವ ಉಪಕರಣದಲ್ಲಿ ಹಾಕಬೇಡಿ.

4. ಡ್ರೈವರನ್ನು ಡಯೋಡಿಲ್ಲದೆ ಪರೀಕ್ಷಿಸಿ

ನನ್ನ ಅನುಭವದಲ್ಲಿ ಅತಿ ಹೆಚ್ಚು ಡಯೋಡುಗಳು ಹೋಗುವುದು ಈ ಹಂತದಲ್ಲಿ, ಮತ್ತು ಅದಕ್ಕೆ ಕಾರಣ ಅಜ್ಞಾನಕ್ಕಿಂತ ಅವಸರ. ಮೇಜಿನ ಮೇಲಿನ ಪವರ್ ಸಪ್ಲೈಯನ್ನು 5 ವೋಲ್ಟಿಗೂ ಪ್ರವಾಹದ ಗುಂಡಿಯನ್ನು 100 ಮಿಲಿಆಂಪಿಯರಿಗೂ ಇಟ್ಟು, ಮಿತಿ ಇದೆಯಲ್ಲ ಎಂಬ ಧೈರ್ಯದಿಂದ ಕ್ಲಿಪ್ಪನ್ನು ಡಯೋಡಿಗೆ ತಾಗಿಸುತ್ತಾರೆ. ಸಪ್ಲೈಯ ಹೊರಬಾಗಿಲಲ್ಲಿ ನೂರಾರು ಮೈಕ್ರೋಫ್ಯಾರಡಿನ ಕೆಪಾಸಿಟರ್ 5 ವೋಲ್ಟಿಗೆ ತುಂಬಿ ಕೂತಿರುತ್ತದೆ. ಮಿತಿ ಹಾಕುವ ಸರ್ಕ್ಯೂಟ್ ಎಚ್ಚರಗೊಳ್ಳುವ ಮೊದಲೇ ಅದು ತನ್ನೆಲ್ಲ ವಿದ್ಯುದಂಶವನ್ನು ಡಯೋಡಿನ ಮೂಲಕ ಸುರಿಯುತ್ತದೆ. ಗುಂಡಿಗಳನ್ನು ಸೊನ್ನೆಗೆ ಇಳಿಸಿ, ಮೊದಲು ಡಯೋಡನ್ನು ಜೋಡಿಸಿ, ಆಮೇಲೆ ಸ್ವಿಚ್ ಹಾಕಬೇಕು. ಬಿಚ್ಚುವಾಗ ಮೀಟರಿನಲ್ಲಿ ವೋಲ್ಟೇಜು ಸೊನ್ನೆಯಾದದ್ದನ್ನು ನೋಡಿ ಬಿಚ್ಚಬೇಕು. ಮೊದಲ ಬೆಳಕು ನೋಡಲು ಡ್ರೈವರೇ ಬೇಕಿಲ್ಲ: 2.2 ವೋಲ್ಟಿನ ಕೆಂಪು ಡಯೋಡಿಗೆ 5 ವೋಲ್ಟ್ ಮತ್ತು ಸರಣಿಯಲ್ಲಿ ಅರ್ಧ ವ್ಯಾಟಿನ 39 ಓಮ್ ರೋಧಕ ಹಾಕಿದರೆ ಸುಮಾರು 72 ಮಿಲಿಆಂಪಿಯರಿಗಿಂತ ಹೆಚ್ಚು ಹರಿಯಲಾರದು. ನಿಮ್ಮ ಡಯೋಡಿಗೆ ಅದು ಹೆಚ್ಚೆನಿಸಿದರೆ ರೋಧವನ್ನು ಹೆಚ್ಚಿಸಿ.

ಡ್ರೈವರ್ ಬಳಸುವವರು ಡಯೋಡಿನ ಜಾಗದಲ್ಲಿ ಎರಡು ಮೂರು ಸಾಮಾನ್ಯ ಸಿಲಿಕಾನ್ ಡಯೋಡುಗಳನ್ನೂ 1 ಓಮ್ ರೋಧಕವನ್ನೂ ಸರಣಿಯಲ್ಲಿ ಹಾಕಿ, ರೋಧಕದ ಮೇಲೆ ಆಸಿಲೋಸ್ಕೋಪ್ ಇಟ್ಟು, ಸ್ವಿಚ್ ಹಾಕುವಾಗ, ತೆಗೆಯುವಾಗ, ಗುಂಡಿ ತಿರುಗಿಸುವಾಗ ಪ್ರವಾಹ ಕ್ಷಣಕಾಲ ಮೊನೆಯಂತೆ ಮೇಲೇಳುತ್ತದೆಯೇ ನೋಡಬೇಕು. ಧೂಳು ಕೂತ ಪೊಟೆನ್ಷಿಯೋಮೀಟರ್ ತಿರುಗಿಸುವಾಗ ಕ್ಷಣಕಾಲ ಸಂಪರ್ಕ ತಪ್ಪಿಸುತ್ತದೆ. ಸಂಪರ್ಕ ತಪ್ಪಿದಾಗ ಪ್ರವಾಹ ಸೊನ್ನೆಗೆ ಇಳಿಯುವಂತೆ ಅದನ್ನು ಜೋಡಿಸಿರಬೇಕು, ಗರಿಷ್ಠಕ್ಕೆ ಏರುವಂತಲ್ಲ. ಬೆಳಕನ್ನು ಅಳೆಯುವ ಒಳಗಿನ ಫೋಟೊಡಯೋಡನ್ನು ನೋಡಿ ಬೆಳಕನ್ನು ಸ್ಥಿರವಾಗಿಡುವ ಡ್ರೈವರಿನಲ್ಲೂ ಇಂಥದೇ ಅಪಾಯವಿದೆ. ಫೋಟೊಡಯೋಡಿನ ತಂತಿ ಕಳಚಿದರೆ ‘ಬೆಳಕು ಬರುತ್ತಿಲ್ಲ’ ಎಂದು ತಿಳಿದ ಡ್ರೈವರ್ ಪ್ರವಾಹವನ್ನು ತನ್ನ ಕೈಲಾದಷ್ಟಕ್ಕೂ ಏರಿಸುತ್ತದೆ. ಹಾಗಾಗಿ ಸ್ಥಿರ ಬೆಳಕಿನ ಡ್ರೈವರಿಗೆ ಬೇರೆಯೇ ಆದ, ಮುರಿಯಲಾಗದ ಪ್ರವಾಹ ಮಿತಿ ಇರಲೇಬೇಕು. ಮೊದಲ ದಿನದ ಪ್ರವಾಹದ 1.2 ಪಟ್ಟಿಗೆ ಅದನ್ನು ಕಟ್ಟುವುದು ನನ್ನ ರೂಢಿ.

ವಿದ್ಯುತ್ ಹೋಗಿ ಬರುವ, ಜನರೇಟರಿಗೆ ಬದಲಾಗುವ ನಮ್ಮ ಕಟ್ಟಡಗಳಲ್ಲಿ ಇನ್ನೆರಡು ಭಾಗಗಳು ಅಗತ್ಯ. ಡಯೋಡಿಗೆ ಅಡ್ಡಲಾಗಿ, ವಿದ್ಯುತ್ ಇಲ್ಲದಾಗ ತಾನಾಗಿ ಮುಚ್ಚಿಕೊಂಡು ಎರಡು ಕಾಲುಗಳನ್ನೂ ಒಂದುಮಾಡುವ ರಿಲೇ ಒಂದು. ಹಿಮ್ಮುಖ ವೋಲ್ಟೇಜನ್ನು ತಾನು ಹೀರಿಕೊಳ್ಳಲು ತಿರುಗಿಸಿ ಜೋಡಿಸಿದ ಶಾಟ್ಕಿ ಡಯೋಡು ಇನ್ನೊಂದು. ಅದೇ ಲೈನಿನಲ್ಲಿ ಫ್ಯಾನ್, ಸೊಲೆನಾಯ್ಡ್, ವೆಲ್ಡಿಂಗ್ ಯಂತ್ರ ಇದ್ದರೆ ಯುಪಿಎಸ್ ಮತ್ತು ಫಿಲ್ಟರ್ ಸೇರಿಸಿ. ಇವೆಲ್ಲದರ ಬೆಲೆ ಒಂದು ಒಳ್ಳೆಯ ಡಯೋಡಿನ ಬೆಲೆಗಿಂತ ಕಡಿಮೆ.

5. ಶಾಖವನ್ನು ಅಳೆಯಿರಿ, ಋತುವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

2 ವ್ಯಾಟ್ ಬೆಳಕು ಕೊಡುವ 808 ನ್ಯಾನೊಮೀಟರ್ ಡಯೋಡು 2.3 ಆಂಪಿಯರ್ ಮತ್ತು 1.9 ವೋಲ್ಟ್ ತೆಗೆದುಕೊಂಡರೆ, ಒಳಹೋಗುವುದು ಸುಮಾರು 4.4 ವ್ಯಾಟ್, ಉಳಿದ 2.4 ವ್ಯಾಟ್ ಶಾಖ. ಸಂಧಿಯಿಂದ ಹೀಟ್ ಸಿಂಕಿನವರೆಗೆ (ಶಾಖ ಹೀರುವ ಲೋಹದ ತುಂಡು) ಪ್ರತಿ ವ್ಯಾಟಿಗೆ 8 ಡಿಗ್ರಿ ಏರುತ್ತದೆ ಎಂದುಕೊಂಡರೆ ಸಂಧಿ ಸಿಂಕಿಗಿಂತ 19 ಡಿಗ್ರಿ ಬಿಸಿ. ಸ್ಕ್ರೂ ಸರಿಯಾಗಿ ಬಿಗಿಯದೆ ಅಥವಾ ಕೆಳಗೆ ಧೂಳಿನ ಕಣ ಸಿಕ್ಕಿ ಪ್ರತಿ ವ್ಯಾಟಿಗೆ ಇನ್ನೊಂದು 4 ಡಿಗ್ರಿ ಸೇರಿದರೆ, ಸಂಧಿ ಇನ್ನೂ 10 ಡಿಗ್ರಿ ಮೇಲೇರುತ್ತದೆ. ಇದನ್ನು ತಿಳಿಯಲು ಸ್ಪೆಕ್ಟ್ರೋಮೀಟರ್ ಇದ್ದವರಿಗೆ ಸುಲಭ ದಾರಿಯಿದೆ: ಇಂಥ ಡಯೋಡಿನ ತರಂಗಾಂತರ ಪ್ರತಿ ಡಿಗ್ರಿಗೆ ಸುಮಾರು 0.3 ನ್ಯಾನೊಮೀಟರ್ ಸರಿಯುತ್ತದೆ, ಆದ್ದರಿಂದ ಒಂದೇ ಪ್ರವಾಹದಲ್ಲಿ 3 ನ್ಯಾನೊಮೀಟರ್ ಹೆಚ್ಚು ತೋರಿಸಿದ ಡಯೋಡಿನ ಕೂರಿಕೆಯಲ್ಲಿ ದೋಷವಿದೆಯೇ ಎಂದು ನೋಡಬೇಕು.

ಬೆಂಗಳೂರಿನ ಸೌಮ್ಯ ಹವೆಯನ್ನು ನಂಬಿ ತಾಪ ನಿಯಂತ್ರಣವನ್ನೇ ಬಿಟ್ಟುಬಿಡುವವರು ಇದ್ದಾರೆ. ಅವರು ಬಿಸಿಲಿಗೆ ಹೆದರುತ್ತಾರೆ, ಚಳಿಗೆ ಹೆದರುವುದಿಲ್ಲ. ನಾನು ಚಳಿಗೂ ಹೆದರಿ ಎನ್ನುತ್ತೇನೆ. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿಯಲ್ಲಿ ಕೆಂಪು ಡಯೋಡೊಂದರ ಹೊಸ್ತಿಲು ಪ್ರವಾಹ, ಅಂದರೆ ಲೇಸರ್ ಬೆಳಕು ಆರಂಭವಾಗುವ ಪ್ರವಾಹ, 45 ಮಿಲಿಆಂಪಿಯರ್ ಎಂದಿಟ್ಟುಕೊಳ್ಳಿ; ಹೊಸ್ತಿಲ ಮೇಲೆ ಪ್ರತಿ ಮಿಲಿಆಂಪಿಯರಿಗೆ 1 ಮಿಲಿವ್ಯಾಟ್ ಬೆಳಕು. 80 ಮಿಲಿಆಂಪಿಯರ್ ಇಟ್ಟು 35 ಮಿಲಿವ್ಯಾಟ್ ಪಡೆದಿರಿ. ಹೊಸ್ತಿಲು ತಾಪದೊಂದಿಗೆ ಘಾತೀಯವಾಗಿ ಏರಿಳಿಯುತ್ತದೆ. ಆ ಏರಿಳಿತ ಎಷ್ಟು ಎಂದು ಹೇಳುವ ಗುಣತಾಪ 90 ಕೆಲ್ವಿನ್ ಆದರೆ, ಡಿಸೆಂಬರಿನ 15 ಡಿಗ್ರಿಯ ಬೆಳಿಗ್ಗೆ ಹೊಸ್ತಿಲು 36 ಮಿಲಿಆಂಪಿಯರಿಗೆ ಇಳಿದಿರುತ್ತದೆ, ಗುಂಡಿಯನ್ನು ಯಾರೂ ಮುಟ್ಟದಿದ್ದರೂ ಬೆಳಕು 44 ಮಿಲಿವ್ಯಾಟಿಗೆ ಹತ್ತಿರ ಬಂದಿರುತ್ತದೆ. ಕಾಲು ಭಾಗ ಹೆಚ್ಚಳ. ಎಚ್ಚರಿಕೆ ಕೊಡದೆ ಬರುವ ಬೆಳಕಿನ ಮಿತಿಗೆ ಅಷ್ಟು ಸಾಕು. ಸ್ಥಿರ ಪ್ರವಾಹದಲ್ಲಿ ನಡೆಸುವ ಉಪಕರಣದ ಪ್ರವಾಹವನ್ನು ವರ್ಷದ ಅತಿ ತಣ್ಣನೆಯ ಬೆಳಿಗ್ಗೆಗೆ ಹೊಂದಿಸಿ ಕಟ್ಟಬೇಕು.

ಥರ್ಮೋಎಲೆಕ್ಟ್ರಿಕ್ ಕೂಲರ್ (ವಿದ್ಯುತ್ತಿನಿಂದ ತಂಪು ಮಾಡುವ ಬಿಲ್ಲೆ) ಹಾಕಿದವರಿಗೆ ಮಳೆಗಾಲ ಬೇರೆ ಪರೀಕ್ಷೆ ಒಡ್ಡುತ್ತದೆ. ಕೋಣೆಯಲ್ಲಿ 25 ಡಿಗ್ರಿ ತಾಪ ಮತ್ತು 75 ಶೇಕಡಾ ತೇವ ಇದ್ದರೆ, 20 ಡಿಗ್ರಿಗಿಂತ ತಣ್ಣಗಾದ ಯಾವುದೇ ಮೇಲ್ಮೈ ಮೇಲೆ ನೀರು ಇಬ್ಬನಿಯಂತೆ ಕೂರುತ್ತದೆ. ಮುಚ್ಚಳವಿಲ್ಲದ ಡಯೋಡಿನ ಸೀಳುಮುಖದ ಮೇಲೆ ಕೂತ ನೀರಿನ ಪದರ ಅಂದೇ ಅಥವಾ ಮುಂದೊಂದು ದಿನ ಅದನ್ನು ಕೊಲ್ಲುತ್ತದೆ. ಜೂನಿನಿಂದ ಅಕ್ಟೋಬರವರೆಗೆ ಕೂಲರನ್ನು 25 ಡಿಗ್ರಿಗೆ ಇಡಿ. ಅದಕ್ಕಿಂತ ತಂಪು ಬೇಕೇಬೇಕಾದರೆ ಡಬ್ಬಿಯನ್ನು ಮುಚ್ಚಿ ಒಳಗೆ ಒಣ ಸಾರಜನಕ ಹರಿಸಿ.

6. ಬೆಳಕಿನ ದಾರಿಯನ್ನು ಚೊಕ್ಕಟವಾಗಿಡಿ

ಮುಚ್ಚಳವಿರುವ ಡಯೋಡಿನ ಗಾಜನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಬಹುದು. ತೆರೆದ ಹರಳನ್ನು ಮಾತ್ರ ಯಾವುದರಿಂದಲೂ ಮುಟ್ಟಬಾರದು, ಹತ್ತಿರ ಬಗ್ಗಿ ಉಸಿರನ್ನೂ ಬಿಡಬಾರದು. ತೀವ್ರವಾದ ಬೆಳಕು ಗಾಳಿಯಲ್ಲಿನ ಸಾವಯವ ಆವಿಗಳನ್ನು ಮುಖದ ಮೇಲೆ ಸುಟ್ಟು ಅಂಟಿಸುತ್ತದೆ. ಬೇರೆ ಲೇಸರಿಗೋ ಫೈಬರ್ ವರ್ಧಕಕ್ಕೋ ಶಕ್ತಿ ತುಂಬುವ 980 ನ್ಯಾನೊಮೀಟರ್ ಪಂಪ್ ಲೇಸರುಗಳಲ್ಲಿ, ಪೂರ್ತಿ ಮುಚ್ಚಿದ ಡಬ್ಬಿಯೊಳಗೇ, ಅಂಟು ಮತ್ತು ಬೆಸುಗೆಯ ಫ್ಲಕ್ಸಿನ ಅತ್ಯಲ್ಪ ಆವಿಯಿಂದ ಹೀಗಾದದ್ದು ಕಂಡುಬಂತು. ಡಬ್ಬಿಯೊಳಗೆ ಸ್ವಲ್ಪ ಆಮ್ಲಜನಕ ಸೇರಿಸಿದಾಗ ಆ ಮಸಿ ಕಟ್ಟುವುದು ನಿಂತಿತು. ನೀಲಿ ಮತ್ತು ನೇರಳೆ ಡಯೋಡುಗಳಿಗೆ ಈ ಕಾಟ ಇನ್ನೂ ಹೆಚ್ಚು, ಅದಕ್ಕಾಗಿ ಅವುಗಳ ಮುಚ್ಚಳವನ್ನು ಎಂದೂ ಕತ್ತರಿಸಬೇಡಿ, ಹತ್ತಿರದಲ್ಲಿ ಸಿಲಿಕೋನ್ ಅಂಟು ಬಳಸಬೇಡಿ. ಮರ ಕೆತ್ತುವವರು ಹೊಗೆಯನ್ನು ಪಕ್ಕಕ್ಕೆ ತಳ್ಳುವ ಗಾಳಿಯ ಕೊಳವೆ ಹಾಕಿ, ಲೆನ್ಸನ್ನು ದಿನವೂ ನೋಡಬೇಕು. ಮಸಿ ಹಿಡಿದ ಲೆನ್ಸಿನಿಂದ ಬೆಳಕು ಕಡಿಮೆಯಾಯಿತೆಂದು ಪ್ರವಾಹ ಏರಿಸುವುದು ಎರಡನೆಯ ತಪ್ಪು.

ಮರಳಿ ಬರುವ ಬೆಳಕು ಇನ್ನೊಂದು ಶತ್ರು. ಹೊಳೆಯುವ ಸ್ಟೀಲ್ ಹಾಳೆಯನ್ನು ಕಿರಣಕ್ಕೆ ನೇರ ಲಂಬವಾಗಿ ಇಟ್ಟರೆ, ಲೆನ್ಸು ಆ ಬೆಳಕನ್ನು ಹೊರಟ ಜಾಗಕ್ಕೇ, ಅಂದರೆ ಆ 3 ಮೈಕ್ರಾನ್ ಮುಖಕ್ಕೇ, ಮತ್ತೆ ಕೂಡಿಸುತ್ತದೆ. ಹಾಳೆಯನ್ನೋ ಫಿಲ್ಟರನ್ನೋ ಕೆಲವು ಡಿಗ್ರಿ ಓರೆ ಮಾಡಿದರೆ ಸಾಕು. ಫೈಬರ್ ಆದರೆ 8 ಡಿಗ್ರಿ ಓರೆ ಕತ್ತರಿಸಿದ, ಹಸಿರು ಬಣ್ಣದ ಕನೆಕ್ಟರ್ ಬಳಸಿ. ಬೆಲೆಬಾಳುವ ಡಯೋಡಿಗೆ, ಬೆಳಕನ್ನು ಒಂದೇ ದಿಕ್ಕಿಗೆ ಬಿಡುವ ಫ್ಯಾರಡೆ ಐಸೊಲೇಟರ್ ಹಾಕುವುದು ವ್ಯರ್ಥ ಖರ್ಚಲ್ಲ.

7. ಮೊದಲ ದಿನವೇ ನಕ್ಷೆ ತೆಗೆದು ದಿನಾಂಕ ಹಾಕಿ

ಡಯೋಡನ್ನು 25 ಡಿಗ್ರಿಯಲ್ಲಿ ಇಟ್ಟು, ಸೊನ್ನೆಯಿಂದ ಕೆಲಸದ ಪ್ರವಾಹದವರೆಗೆ ಏರಿಸುತ್ತಾ, ಪ್ರತಿ ಹೆಜ್ಜೆಗೂ ಬೆಳಕಿನ ಶಕ್ತಿ ಮತ್ತು ವೋಲ್ಟೇಜನ್ನು ಬರೆದುಕೊಳ್ಳಿ. ಕೆಲಸದ ಪ್ರವಾಹವನ್ನು ದಾಟಬೇಡಿ. ಈ ಒಂದು ಹಾಳೆ ಇಲ್ಲದಿದ್ದರೆ ಮುಂದೆ ಯಾವ ವಾದಕ್ಕೂ ಆಧಾರವಿರುವುದಿಲ್ಲ. ತಿಂಗಳಿಗೊಮ್ಮೆ ಅದೇ ತಾಪದಲ್ಲಿ ಮತ್ತೆ ತೆಗೆದು ಹೋಲಿಸಿ. ಹೊಸ್ತಿಲು ನಿಧಾನವಾಗಿ ಬಲಕ್ಕೆ, ಅಂದರೆ ಹೆಚ್ಚಿನ ಪ್ರವಾಹದ ಕಡೆಗೆ, ಸರಿದು, ಅದರ ಮೇಲಿನ ಗೆರೆಯ ಇಳಿಜಾರು ಹೆಚ್ಚು ಬದಲಾಗದಿದ್ದರೆ ಅದು ಸಹಜ ಸವೆತ. ಹೊಸ್ತಿಲು ಒಮ್ಮೆಲೇ ನೆಗೆದು ಇಳಿಜಾರೂ ಮುರಿದಿದ್ದರೆ ಮುಖಕ್ಕೆ ಪೆಟ್ಟು ಬಿದ್ದಿದೆ. ಹೊಸ್ತಿಲು ಇದ್ದಲ್ಲೇ ಇದ್ದು ಮೇಲ್ಭಾಗ ಮಾತ್ರ ಬೇಗ ಬಾಗುತ್ತಿದ್ದರೆ ಬೆಸುಗೆಯನ್ನೂ ಹೀಟ್ ಸಿಂಕನ್ನೂ ನೋಡಿ. ಎಲ್ಲವೂ ಒಂದೇ ಪ್ರಮಾಣದಲ್ಲಿ ಕಡಿಮೆಯಾಗಿದ್ದರೆ ಡಯೋಡನ್ನು ದೂರುವ ಮೊದಲು ಲೆನ್ಸನ್ನೂ ಪವರ್ ಮೀಟರಿನ ತಲೆಯನ್ನೂ ಒರೆಸಿ.

ದಿನಗಳಲ್ಲಿ, ಕೆಲವೊಮ್ಮೆ ಗಂಟೆಗಳಲ್ಲಿ, ಬೆಳಕು ಕುಸಿಯುವುದಕ್ಕೆ ಒಂದು ಹಳೆಯ ಇತಿಹಾಸವಿದೆ. 1970ರಲ್ಲಿ ಲೆನಿನ್‌ಗ್ರಾಡಿನ ಭೌತವಿಜ್ಞಾನಿ ಅಲ್ಫೆರೊವ್ ಅವರ ತಂಡವೂ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದ ಹಯಾಶಿ ಮತ್ತು ಪ್ಯಾನಿಷ್ ಅವರೂ ಕೋಣೆಯ ತಾಪದಲ್ಲಿ ಎಡೆಬಿಡದೆ ಬೆಳಗುವ ಲೇಸರ್ ಡಯೋಡನ್ನು ತೋರಿಸಿದಾಗ, ಆ ಮೊದಲ ಡಯೋಡುಗಳು ಅಲ್ಪಾಯುಷಿಗಳಾಗಿದ್ದವು. ಹರಳಿನ ಒಂದು ದೋಷದಿಂದ ಕಪ್ಪು ಗೆರೆಗಳು ಹೊರಟು, ಅಲ್ಲಿ ಬಿಡುಗಡೆಯಾಗುವ ಶಕ್ತಿಯನ್ನೇ ತಿಂದು ಬೆಳೆದು, ಪಟ್ಟಿಯನ್ನು ಅಡ್ಡಲಾಗಿ ಕತ್ತರಿಸುತ್ತಿದ್ದವು. ಹರಳು ಬೆಳೆಸುವವರು ದೋಷಗಳನ್ನು ಕಡಿಮೆ ಮಾಡಿದ್ದರಿಂದ ಆ ಕಾಟ ಈಗ ಬಹುಪಾಲು ಇಲ್ಲ, ಆದರೆ ನಾವು ಚಿಮಟದಿಂದ ಗೀಚಿ ಅಥವಾ ಡಬ್ಬಿಯನ್ನು ತಿರುಚಿ ಬಿಗಿದು ಹೊಸ ದೋಷವನ್ನು ಹುಟ್ಟಿಸಿದರೆ ಆ ಗೆರೆಗಳು ಇಂದಿಗೂ ಹೊರಡುತ್ತವೆ.

8. ಬಾಳಿಕೆಯ ಸಂಖ್ಯೆಯನ್ನು ಸರಿಯಾಗಿ ಓದಿ

ಮಾರಾಟಗಾರರು ‘ಸರಾಸರಿ ಬಾಳಿಕೆ 1,00,000 ಗಂಟೆ’ ಎಂದು ಬರೆದಾಗ ಅದು 11 ವರ್ಷದ ಭರವಸೆಯಂತೆ ಕೇಳಿಸುತ್ತದೆ. ಆಕಸ್ಮಿಕ ಸಾವುಗಳಿಗೆ ಆ ಲೆಕ್ಕ ಬೇರೆಯೇ ಹೇಳುತ್ತದೆ: ಸರಾಸರಿ ಬಾಳಿಕೆಯ ಹೊತ್ತಿಗೆ ಉಳಿದಿರುವುದು 37 ಶೇಕಡಾ ಮಾತ್ರ. ಅಂಥ 20 ಡಯೋಡುಗಳಿರುವ ಯಂತ್ರವನ್ನು ವರ್ಷವಿಡೀ, 8760 ಗಂಟೆ, ನಡೆಸಿದರೆ ಕನಿಷ್ಠ ಒಂದಾದರೂ ಹೋಗುವ ಸಂಭವ ಸುಮಾರು 83 ಶೇಕಡಾ. ಒಂದು ಡಯೋಡು ಹೋದರೆ ಯಂತ್ರವೇ ನಿಲ್ಲುವ ವಿನ್ಯಾಸವಾದರೆ ಬಿಡಿ ಡಯೋಡುಗಳನ್ನು ಮೊದಲೇ ಕೊಂಡಿಡಬೇಕು.

ನಿಮ್ಮದೇ ಪರೀಕ್ಷೆಯ ಬಗ್ಗೆಯೂ ಅಷ್ಟೇ ಪ್ರಾಮಾಣಿಕತೆ ಬೇಕು. 20 ಡಯೋಡುಗಳನ್ನು 1000 ಗಂಟೆ ನಡೆಸಿ ಒಂದೂ ಹೋಗಲಿಲ್ಲ ಎಂದರೆ, 90 ಶೇಕಡಾ ವಿಶ್ವಾಸದಿಂದ ಹೇಳಬಹುದಾದದ್ದು ಸರಾಸರಿ ಬಾಳಿಕೆ ಸುಮಾರು 8,700 ಗಂಟೆಗಿಂತ ಹೆಚ್ಚು ಎಂಬಷ್ಟೇ. ಪರೀಕ್ಷೆಯನ್ನು ಬೇಗ ಮುಗಿಸಲು ತಾಪ ಏರಿಸುವ ಪದ್ಧತಿಯಿದೆ. ಸವೆತ ತಾಪಕ್ಕೆ ಎಷ್ಟು ಸೂಕ್ಷ್ಮ ಎಂದು ಹೇಳುವ ಸಕ್ರಿಯಣ ಶಕ್ತಿ 0.5 ಎಲೆಕ್ಟ್ರಾನ್‌ವೋಲ್ಟ್ ಎಂದುಕೊಂಡರೆ 50 ಡಿಗ್ರಿಯಲ್ಲಿ ನಡೆಸಿದ ಒಂದು ಗಂಟೆ 25 ಡಿಗ್ರಿಯ ನಾಲ್ಕೂವರೆ ಗಂಟೆಗೆ ಸಮ, 0.7 ಎಂದುಕೊಂಡರೆ ಎಂಟಕ್ಕೂ ಹೆಚ್ಚು ಗಂಟೆಗೆ. ಊಹಿಸಿದ ಒಂದು ಸಂಖ್ಯೆಯಿಂದ ಉತ್ತರ ಹೀಗೆ ಇಮ್ಮಡಿಯಾಗುವುದರಿಂದ, ಯಾವ ಸಂಖ್ಯೆ ಬಳಸಿದಿರಿ ಎಂದು ವರದಿಯಲ್ಲಿ ಬರೆಯದಿದ್ದರೆ ಆ ವರದಿಗೆ ಬೆಲೆಯಿಲ್ಲ. ಇದಕ್ಕಿಂತ ಮುಖ್ಯವಾಗಿ, ತಾಪದ ಈ ಸೂತ್ರ ನಿಧಾನದ ಸವೆತಕ್ಕೆ ಅನ್ವಯಿಸುತ್ತದೆ. ಮುಖ ಸುಡುವುದು ಬೆಳಕಿನ ತೀವ್ರತೆಗೆ ಸಂಬಂಧಿಸಿದ ಸಾವು. ಬಿಸಿ ಪೆಟ್ಟಿಗೆಯಲ್ಲಿ ಸ್ಥಿರ ಪ್ರವಾಹದಲ್ಲಿ ಇಟ್ಟ ಡಯೋಡು ಕಡಿಮೆ ಬೆಳಕು ಕೊಡುವುದರಿಂದ, ಆ ಪರೀಕ್ಷೆ ಮುಖಕ್ಕೆ ಕರುಣೆಯನ್ನೇ ತೋರಿಸುತ್ತದೆ.

ಸಣ್ಣ ತಯಾರಕರಿಗೆ ನನ್ನ ಸಲಹೆ: ಪ್ರತಿ ಡಯೋಡನ್ನೂ ಉಪಕರಣಕ್ಕೆ ಸೇರಿಸುವ ಮೊದಲು 48ರಿಂದ 100 ಗಂಟೆ ಕೆಲಸದ ಬೆಳಕಿನಲ್ಲಿ ನಡೆಸಿ, ಮುಂಚಿನ ಮತ್ತು ನಂತರದ ನಕ್ಷೆಗಳನ್ನು ಹೋಲಿಸಿ, ಹೊಸ್ತಿಲು 5 ಶೇಕಡಾಕ್ಕಿಂತ ಹೆಚ್ಚು ಸರಿದವನ್ನು ಪಕ್ಕಕ್ಕಿಡಿ. ಎಳವೆಯಲ್ಲೇ ಸಾಯುವವು ಹೆಚ್ಚಾಗಿ ಇದರಲ್ಲಿ ಸಿಕ್ಕಿಬೀಳುತ್ತವೆ.

9. ಹೋದ ಡಯೋಡನ್ನು ಎಸೆಯಬೇಡಿ

ಮೊದಲು ಎರಡು ಕಾಲುಗಳನ್ನೂ ತಂತಿಯಿಂದ ಒಂದುಮಾಡಿ, ಇಲ್ಲವಾದರೆ ಮತ್ತೊಂದು ಕಿಡಿ ಬಿದ್ದು ಹಳೆಯ ಗಾಯದ ಗುರುತು ಅಳಿಸಬಹುದು. ವಿದ್ಯುತ್ ಇಲ್ಲದ ಸ್ಥಿತಿಯಲ್ಲಿ, ಕಾಲೇಜಿನ ಲೋಹಪರೀಕ್ಷೆಯ ಸೂಕ್ಷ್ಮದರ್ಶಕದ ಕೆಳಗೆ, 200 ಪಟ್ಟು ಅಥವಾ ಹೆಚ್ಚಿನ ವರ್ಧನೆಯಲ್ಲಿ ಮುಂದಿನ ಮುಖವನ್ನು ನೋಡಿ. ಬೆಳಕು ಹೊರಬರುವ ಜಾಗದಲ್ಲೇ ಕಪ್ಪು ಕುಳಿ ಅಥವಾ ಕರಗಿದ ಗುಳ್ಳೆ ಕಂಡರೆ ಮುಖ ಸುಟ್ಟಿದೆ. ಆಮೇಲೆ ಹೊಸ್ತಿಲಿಗಿಂತ ಎಷ್ಟೋ ಕಡಿಮೆ ಪ್ರವಾಹ ಕೊಟ್ಟು, ಕಣ್ಣಿನ ಬದಲು ಕ್ಯಾಮೆರಾದಿಂದ, ಲೆನ್ಸ್ ಮೂಲಕ ಮುಖದ ಚಿತ್ರ ತೆಗೆಯಿರಿ. ಅಗಲ ಪಟ್ಟಿಯ ಡಯೋಡಿನಲ್ಲಿ ಎಲ್ಲಿ ಬೆಳಕು ಮಾಯವಾಗಿದೆ ಎಂಬುದು ಅದರಲ್ಲಿ ಕಾಣುತ್ತದೆ. ಮುಖ ಚೊಕ್ಕಟವಾಗಿದ್ದೂ ಕಡಿಮೆ ವೋಲ್ಟೇಜಿನ ಸೋರಿಕೆ ಏರಿದ್ದರೆ ಮೂರನೆಯ ಹಂತಕ್ಕೆ ಮರಳಿ ಮಣಿಕಟ್ಟಿನ ಪಟ್ಟಿಯನ್ನೂ ಹಾಸನ್ನೂ ಅಳೆಯಿರಿ. ಮುಖ ಸುಟ್ಟಿದ್ದರೆ ನಾಲ್ಕನೆಯ ಹಂತಕ್ಕೆ ಮರಳಿ ಡ್ರೈವರಿಗೆ ಆಸಿಲೋಸ್ಕೋಪ್ ಹಚ್ಚಿ, ಅಂದಿನ ಕೋಣೆಯ ತಾಪ ಎಷ್ಟಿತ್ತು ಎಂದು ದಾಖಲೆ ಪುಸ್ತಕದಲ್ಲಿ ನೋಡಿ. ಚಿತ್ರ, ಮೊದಲ ದಿನದ ನಕ್ಷೆ, ಕೊನೆಯ ನಕ್ಷೆ ಮತ್ತು ಹೋದ ದಿನಾಂಕ, ಈ ನಾಲ್ಕನ್ನೂ ಡಯೋಡಿನ ಜೊತೆಗೇ ಒಂದು ಲಕೋಟೆಯಲ್ಲಿ ಹಾಕಿ, ಹೊಸ ಡಯೋಡಿನ ಚೀಲವನ್ನು ಬಿಚ್ಚುವ ಮೊದಲು ಆ ಲಕೋಟೆಯನ್ನು ಮುಚ್ಚಿ.